ಸ್ಯಾಂಪ್ಲರ್ ಡ್ರೈವರ್ 0.4: ಇಂಟರಪ್ಟ್ ಹ್ಯಾಂಡ್ಲರ್‌ನಿಂದ ಕೆಮ್ಯಾಲಕ್ ಹೊರಗೆ

ರಾಸ್ಪ್‌ಬೆರಿ ಪೈ 4, ಲಿನಕ್ಸ್ 6.6 ಕರ್ನಲ್. ಕೆಮ್ಯಾಲಕ್ ಎಂದರೆ ಕರ್ನಲ್‌ನೊಳಗೆ ಮೆಮೊರಿ ಕೇಳುವ ಕರೆ; ಇಂಟರಪ್ಟ್ ಹ್ಯಾಂಡ್ಲರ್ ಎಂದರೆ ಹಾರ್ಡ್‌ವೇರ್ ಕರೆದ ಕೂಡಲೇ ಓಡುವ, ಮಲಗಬಾರದ (ಕಾಯುತ್ತ ನಿಲ್ಲಬಾರದ) ಕೋಡ್. ಎಡಿಸಿ (ಅನಲಾಗ್ ಸಂಕೇತವನ್ನು ಅಂಕಿಗಳಾಗಿಸುವ) ಬೋರ್ಡಿನಿಂದ ಸೆಕೆಂಡಿಗೆ 100 ಇಂಟರಪ್ಟ್, ಪ್ರತಿ ಸಲಕ್ಕೂ 4096 ಬೈಟ್ ಡೇಟಾ.

0.3ರಲ್ಲಿ ಹ್ಯಾಂಡ್ಲರ್ ಸ್ಪಿನ್‌ಲಾಕ್ (ಹಿಡಿದವರು ಮಲಗಬಾರದ ಬೀಗ) ಹಿಡಿದುಕೊಂಡೇ ಜಿಎಫ್‌ಪಿ_ಕರ್ನಲ್‌ನಲ್ಲಿ (ಬೇಕಾದರೆ ಮಲಗಿ ಕಾಯಲು ಬಿಡುವ ಫ್ಲ್ಯಾಗ್) ಮೆಮೊರಿ ಕೇಳುತ್ತಿತ್ತು. ಖಾಲಿ ಪುಟ ಸಿಗುತ್ತಿರುವಷ್ಟು ಕಾಲ ಅಲೊಕೇಟರ್ ಮಲಗುವುದಿಲ್ಲ, ಹಾಗಾಗಿ ತಪ್ಪು ಕಾಣುವುದೂ ಇಲ್ಲ. ಮೆಮೊರಿ ಬಿಗಿಯಾದ ದಿನ ಅದು ಡೈರೆಕ್ಟ್ ರಿಕ್ಲೇಮ್‌ಗೆ (ತಾನೇ ಪುಟ ಬಿಡಿಸಿಕೊಳ್ಳುವ ಕೆಲಸಕ್ಕೆ) ಇಳಿದು, ಕರ್ನಲ್ 'ಶೆಡ್ಯೂಲಿಂಗ್ ವೈಲ್ ಅಟಾಮಿಕ್' (ಮಲಗಬಾರದ ಕಡೆ ಮಲಗಿದೆ) ಎನ್ನುತ್ತದೆ. ಈ ತಪ್ಪನ್ನೇ ಹುಡುಕುವ ಕಾನ್ಫಿಗ್_ಡೀಬಗ್_ಅಟಾಮಿಕ್_ಸ್ಲೀಪ್ ಹಾಕಿ ಕರ್ನಲ್ ಕಟ್ಟಿದರೆ ಮೊದಲ ಇಂಟರಪ್ಟಿಗೇ ಸಿಕ್ಕಿಬೀಳುತ್ತದೆ.

ಜಿಎಫ್‌ಪಿ_ಅಟಾಮಿಕ್ ಎಂದು ಬದಲಿಸಿದರೆ ಎಚ್ಚರಿಕೆ ನಿಲ್ಲುತ್ತದೆ, ಅಷ್ಟೇ. ಆ ಫ್ಲ್ಯಾಗ್ ಕಾಯುವುದಿಲ್ಲ, ಕೆಸ್ವಾಪ್‌ಡಿಯನ್ನು (ಹಿನ್ನೆಲೆಯಲ್ಲಿ ಪುಟ ಬಿಡಿಸುವ ಥ್ರೆಡ್) ಎಬ್ಬಿಸುತ್ತದೆ, ಮೀಸಲು ಪುಟಗಳಿಗೂ ಸ್ವಲ್ಪ ಕೈ ಹಾಕುತ್ತದೆ, ಸಿಗದಿದ್ದರೆ ನಲ್ (ಬರಿಗೈ). ಜೊತೆಗೆ ಅಳತೆಯ ಎಡವಟ್ಟು ಬೇರೆ: 64 ಬೈಟ್ ಹೆಡರ್ ಸೇರಿ 4160 ಆಗಿ, ಕೋರಿಕೆ ಕೆಮ್ಯಾಲಕ್-8ಕೆ (8192 ಬೈಟ್) ಡಬ್ಬಿಗೆ ಬೀಳುತ್ತಿತ್ತು. 4032 ಬೈಟ್ ವ್ಯರ್ಥ, ಮೇಲೆ ಕನಿಷ್ಠ ಎರಡು ಅಕ್ಕಪಕ್ಕದ ಪುಟ ಬೇಕು. ಮೆಮೊರಿ ಚೂರುಚೂರಾದಾಗ ಮೊದಲು ಸೋಲುವುದೇ ಇಂಥ ಕೋರಿಕೆ.

0.4ರಲ್ಲಿ ಹೆಡರ್ ಬೇರೆ ಅರೇಗೆ ಹೋಯಿತು. ಪ್ರೋಬ್‌ನಲ್ಲೇ (ಡ್ರೈವರ್ ಸಾಧನಕ್ಕೆ ಅಂಟಿಕೊಳ್ಳುವ ಹಂತ), ನಿದ್ದೆಗೆ ಅಡ್ಡಿಯಿಲ್ಲದ ಜಾಗದಲ್ಲಿ, 64 ಒಂಟಿ ಪುಟ ತೆಗೆದಿಡುತ್ತದೆ: 256 ಕೆಬಿ, 640 ಮಿಲಿಸೆಕೆಂಡಿನ ಡೇಟಾ. ಹ್ಯಾಂಡ್ಲರ್ ಕೆಲಸ ಇಷ್ಟೇ: ಖಾಲಿ ಪಟ್ಟಿಯಿಂದ ಒಂದನ್ನು ತೆಗೆದು, ತುಂಬಿ, ತುಂಬಿದ ಪಟ್ಟಿಗೆ ಸೇರಿಸು. ಖಾಲಿ ಇಲ್ಲದಿದ್ದರೆ ಡ್ರಾಪ್ ಎಣಿಕೆ ಏರಿಸು, ಆದರೂ ಹಾರ್ಡ್‌ವೇರ್ ಫೈಫೋ (ಬೋರ್ಡಿನಲ್ಲಿ ಕಾದಿರುವ ಡೇಟಾ ಸಾಲು) ಬರಿದು ಮಾಡು. ಅದನ್ನು ಬಿಟ್ಟರೆ ಇಂಟರಪ್ಟ್ ಲೈನ್ ಇಳಿಯದೆ ಹ್ಯಾಂಡ್ಲರ್ ಮತ್ತೆ ಮತ್ತೆ ಓಡುತ್ತದೆ. ರೀಡ್ ಕಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್‌ನಲ್ಲಿ ಪುಟ ಬಿಡಿಸಿಕೊಂಡು, ಲಾಕ್ ಬಿಟ್ಟ ಮೇಲೆಯೇ ಕಾಪಿ_ಟು_ಯೂಸರ್ (ಓದುವ ಪ್ರೋಗ್ರಾಂಗೆ ನಕಲು), ಏಕೆಂದರೆ ಅದೂ ಮಲಗಬಲ್ಲದು.

ಮೆಂಪೂಲ್ (ಕರ್ನಲ್‌ನದೇ ಮೀಸಲು ಮೆಮೊರಿ ವ್ಯವಸ್ಥೆ) ಬೇಡವೆನಿಸಿತು. ಅದು ಮೊದಲು ಮಾಮೂಲಿ ಅಲೊಕೇಟರ್‌ನ ಬಾಗಿಲು ತಟ್ಟಿ, ಆಮೇಲಷ್ಟೇ ಮೀಸಲಿಗೆ ಬರುತ್ತದೆ. ಅಟಾಮಿಕ್ ಕರೆಗೆ ಮೀಸಲೂ ಮುಗಿದರೆ ಅಲ್ಲೂ ನಲ್ಲೇ. ಇನ್_ಅಟಾಮಿಕ್() (ಈಗ ಮಲಗಬಾರದ ಸ್ಥಿತಿಯೇ ಎಂದು ಹೇಳುವ ಕರೆ) ಕೇಳಿ ಫ್ಲ್ಯಾಗ್ ಆರಿಸುವ ಉಪಾಯವೂ ಬೇಡ: ಪ್ರಿಎಂಪ್ಟ್ ಎಣಿಕೆ (ಲಾಕ್ ಹಿಡಿದಾಗ ಏರುವ ಎಣಿಕೆ) ಇಲ್ಲದ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಹಿಡಿದಿರುವುದು ಅದಕ್ಕೆ ತಿಳಿಯುವುದಿಲ್ಲ.

ಪರೀಕ್ಷೆಗೆ ಫೇಲ್‌ಸ್ಲ್ಯಾಬ್ (ಮೆಮೊರಿ ಕೋರಿಕೆಗಳನ್ನು ಬೇಕೆಂದೇ ಬೀಳಿಸುವ ಕರ್ನಲ್ ಸೌಲಭ್ಯ), ಪ್ರಾಬಬಿಲಿಟಿ 10 (ಶೇಕಡಾ), ಟೈಮ್ಸ್ -1 (ಮಿತಿಯಿಲ್ಲ). ಇಗ್ನೋರ್-ಜಿಎಫ್‌ಪಿ-ವೇಟ್ ಮೊದಲೇ ವೈ ಇರುವುದರಿಂದ ಮಲಗದ ಕೋರಿಕೆಗಳೇ ಬೀಳುತ್ತವೆ. ಟಾಸ್ಕ್-ಫಿಲ್ಟರ್ (ಗುರುತಿಸಿದ ಪ್ರೋಸೆಸ್‌ಗಳಿಗಷ್ಟೇ ಪೆಟ್ಟು) ಮಾತ್ರ ಹಾಕಬಾರದು, ಹಾಕಿದರೆ ಇಂಟರಪ್ಟ್‌ನೊಳಗಿನ ಕೋರಿಕೆ ಒಂದೂ ಬೀಳುವುದಿಲ್ಲ. ನೆಟ್‌ವರ್ಕ್ ಪ್ಯಾಕೆಟ್ಟಿಗೂ ಇದೇ ಪೆಟ್ಟು ಬೀಳುವ ಕಾರಣ ಎಸ್‌ಎಸ್‌ಎಚ್ ನಂಬದೆ ಸೀರಿಯಲ್ ಕನ್ಸೋಲ್ ಹಿಡಿಯಬೇಕು.

ಉಳಿದದ್ದು ಪ್ರಿಎಂಪ್ಟ್_ಆರ್‌ಟಿ, ಅಂದರೆ ರಿಯಲ್-ಟೈಮ್ ಕರ್ನಲ್. ಅಲ್ಲಿ ರಾ_ಸ್ಪಿನ್‌ಲಾಕ್ (ಅಲ್ಲೂ ಮಲಗದ ಬೀಗ) ಒಳಗೆ ಜಿಎಫ್‌ಪಿ_ಅಟಾಮಿಕ್ ಕೂಡ ನಿಷಿದ್ಧ, ಅಲೊಕೇಟರ್‌ನ ಒಳಗಿನ ಲಾಕ್‌ಗಳೇ ಮಲಗುತ್ತವೆ.