ರಾತ್ರಿ ಎಲ್ಲಿ ಹೋಯಿತು ಸ್ವಾಮಿ?

"ಬರೆದುಕೊಂಡದ್ದನ್ನು ಓದಿ ಹೇಳಿ ಸ್ವಾಮಿ. ಓದದೆ ಏಳಬೇಡಿ."

ಚಿಕ್ಕಮ್ಮ ಹೀಗೆಂದಾಗ ಸಭೆಯ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದಿದ್ದರು. ಶಾಮಿಯಾನದ ಹಿಂದೆ ಪಲಾವ್ ಪೊಟ್ಟಣಕ್ಕೆ ನೂಕುನುಗ್ಗಲು ಶುರುವಾಗಿತ್ತು. ಕಂಪನಿಯವರು ಬಸ್ಸು ಮಾಡಿ ಕರೆತಂದಿದ್ದ ಜನ ಬೆಳಗಿನಿಂದ ಚಪ್ಪಾಳೆ ತಟ್ಟಿ ದಣಿದಿದ್ದರು. ಪಲಾವು ಅವರಿಗೆ ನ್ಯಾಯವಾಗಿಯೇ ಸಲ್ಲಬೇಕಿತ್ತು.

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ. ಹೆಸರು ಬೇಡ, ನನ್ನ ಬಂಧುಗಳ ಕಬ್ಬು ಇನ್ನೂ ಗದ್ದೆಯಲ್ಲೇ ನಿಂತಿದೆ. ಕಬ್ಬು ಅರೆಯುವ ಸಾಮರ್ಥ್ಯವನ್ನು ಹೆಚ್ಚಿಸಿ, ಜೊತೆಗಿರುವ ವಿದ್ಯುತ್ ಘಟಕವನ್ನೂ ದೊಡ್ಡದು ಮಾಡುತ್ತಾರಂತೆ. ಅದಕ್ಕಾಗಿ ಕಳೆದ ವಾರ ಪರಿಸರ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇ. 30ರಷ್ಟು ಸಿಪ್ಪೆಯಾಗಿ ಉಳಿಯುತ್ತದೆ. ಅದನ್ನು ಬಾಯ್ಲರಿನಲ್ಲಿ ಉರಿಸಿ, ಆವಿಯಿಂದ ಟರ್ಬೈನ್ ತಿರುಗಿಸಿ, ಅದೇ ಆವಿಯಲ್ಲಿ ರಸ ಕಾಯಿಸಿ, ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಮಾರುತ್ತಾರೆ. ಜಾಣ ವ್ಯವಸ್ಥೆ; ನಾನೇನೂ ಅದರ ವಿರೋಧಿಯಲ್ಲ. ಸಕ್ಕರೆ ಮಾರಾಟವಾಗುತ್ತದೆ, ಕಾಕಂಬಿ ಮಾರಾಟವಾಗುತ್ತದೆ, ಕರೆಂಟೂ ಮಾರಾಟವಾಗುತ್ತದೆ. ಬೂದಿ ಮಾತ್ರ ಊರಿಗೆ ಉಚಿತ.

ಚಿಕ್ಕಮ್ಮ ನನಗೆ ದೂರದ ಸಂಬಂಧ. ಮೈಸೂರಿನಿಂದ ನಾನು ಹೋದದ್ದು ಅವರನ್ನು ನೋಡಿ ಬರಲು. ಸಭೆಗೆ ಅವರೇ ಎಳೆದುಕೊಂಡು ಹೋದರು. ಕಂಪನಿಯ ಸಲಹೆಗಾರ ಪರದೆಯ ಮೇಲೆ ಬಣ್ಣಬಣ್ಣದ ಪಟ ತೋರಿಸಿ ಮುಗಿಸಿದ ಮೇಲೆ ಇವರು ಮೈಕ್ ಹಿಡಿದರು. ಮಾತು ಚಿಕ್ಕದು. "ಹಗಲು ಹೊಗೆ ಬೆಳ್ಳಗೇ ಇರುತ್ತದೆ. ರಾತ್ರಿ ಎರಡರ ಮೇಲೆ ಕಪ್ಪಾಗುತ್ತದೆ. ಬೆಳಗ್ಗೆ ನೋಡಿದರೆ ತೊಟ್ಟಿಯ ನೀರಿನ ಮೇಲೆ ಬೂದಿ, ಹಸುವಿನ ಬೆನ್ನ ಮೇಲೂ ಬೂದಿ."

ಸಲಹೆಗಾರ ಮುಗುಳ್ನಕ್ಕ. ತಾನೇ ಬುದ್ಧಿವಂತ ಎಂದುಕೊಂಡವರ ನಗು ಅದು, ನನಗೆ ಹಿಡಿಸಲಿಲ್ಲ. "ರಾತ್ರಿ ಎರಡು ಗಂಟೆಯ ವಿಷಯ ನಿಮಗೆ ಹೇಗೆ ಗೊತ್ತಮ್ಮ?"

"ನಿಮ್ಮ ಕರೆಂಟಿಗೇ ಕಾದು ಕೂತಿರುತ್ತೇನಲ್ಲಪ್ಪ, ಗದ್ದೆಯಲ್ಲಿ!"

ಇಡೀ ಶಾಮಿಯಾನ ನಕ್ಕಿತು, ಬಸ್ಸಿನಲ್ಲಿ ಬಂದವರೂ ಸೇರಿ. ನಗದೆ ಏನು ಮಾಡುವುದು? ನೀರಾವರಿ ಪಂಪ್‌ಸೆಟ್‌ಗೆ ಮೂರು ಫೇಸ್ ವಿದ್ಯುತ್ ಸಿಗುವುದು ದಿನಕ್ಕೆ 7 ಗಂಟೆ, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದ ವಾರ ಮೋಟಾರ್ ಹಾಕಲು ಚಿಕ್ಕಮ್ಮನೂ ಮಗನೂ ಬ್ಯಾಟರಿ ಹಿಡಿದು ಗದ್ದೆಗೆ ಹೋಗುತ್ತಾರೆ. ಎದುರಿಗೇ ವಿದ್ಯುತ್ ತಯಾರಾಗುವ ಚಿಮಣಿ. ಅದರ ಹೊಗೆಯ ಬಣ್ಣವನ್ನು ಇವರಷ್ಟು ಹೊತ್ತು ಯಾವ ಇಲಾಖೆಯೂ ನೋಡಿರಲಾರದು. ಇದು ನಮ್ಮ ಜಿಲ್ಲೆಗೆ ಹಳೆಯ ಕತೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಓಡಿದ್ದು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ತಂತಿ ಹಾದುಹೋದ ಹಳ್ಳಿಗಳು ತಲೆಯೆತ್ತಿ ನೋಡಿದವು.

ಸಲಹೆಗಾರ ಸುಮ್ಮನಾಗಬಹುದಿತ್ತು. ಆಗಲಿಲ್ಲ. "ನಿಮ್ಮ ಆಲೆಮನೆಗಳಲ್ಲೂ ಹೊಗೆ ಬರುತ್ತದೆಯಲ್ಲಮ್ಮ?" ಎಂದ. ಪ್ರಶ್ನೆ ತಪ್ಪಲ್ಲ, ಆಲೆಮನೆಯ ಹೊಗೆಯೂ ಹೊಗೆಯೇ. ಚಿಕ್ಕಮ್ಮ ಹೇಳಿದರು: "ಆಲೆಮನೆಯವನ ಮನೆ ನನಗೆ ಗೊತ್ತು. ಹೋಗಿ ಬೈದು ಬರುತ್ತೇನೆ. ನಿಮ್ಮ ಮನೆ ಎಲ್ಲಿದೆ, ಹೇಳಿ."

ಊರಿನ ಗಂಡಸರ ಬಗ್ಗೆಯೂ ಒಂದು ಮಾತು. ಹಿಂದಿನ ಸಂಜೆ ಟೀ ಅಂಗಡಿಯಲ್ಲಿ ಕಾರ್ಖಾನೆಯನ್ನು ಕಿತ್ತೆಸೆಯುವಂತೆ ಗುಡುಗಿದ್ದವರೆಲ್ಲ ಸಭೆಯಲ್ಲಿ ಕಂಬಕ್ಕೊರಗಿ ನಿಂತಿದ್ದರು. ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಕಟಾವಿನ ಆದೇಶ ಕೊಡುವುದು ಕಾರ್ಖಾನೆ. ಅದು ತಡವಾದರೆ ಕಬ್ಬು ಸೂಲಂಗಿ (ಹೂವಿನ ತೆನೆ) ಬಿಟ್ಟು ತೂಕ ಕಳೆದುಕೊಳ್ಳುತ್ತದೆ. 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ರಸ್ತೆಗಿಳಿಯುವ ಸುದ್ದಿಯೂ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಹಾಗಿರುವಾಗ ಕ್ಯಾಮೆರಾದ ಮುಂದೆ ಯಾರು ಬಾಯಿ ಬಿಡುತ್ತಾರೆ?

2007ರ ಸುಮಾರಿಗೆ ಮೈಸೂರಿನ ಬಳಿಯ ಚಾಮಲಾಪುರದಲ್ಲಿ 1000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬರುತ್ತದೆಂದಾಗ ಹಳ್ಳಿಯವರ ಜೊತೆ ಮೈಸೂರಿನವರೂ ನಿಂತರು, ಕೊನೆಗೆ ಯೋಜನೆ ಬಿದ್ದುಹೋಯಿತು. ಅಲ್ಲಿ ‘ಬೇಡ’ ಎಂದರೆ ಸಾಕಿತ್ತು. ಕಬ್ಬಿನ ಊರಿನಲ್ಲಿ ಹಾಗೆನ್ನಲು ಬರುವುದಿಲ್ಲ. ಮಂಡ್ಯದ ಮೈಷುಗರ್ ಕಾರ್ಖಾನೆ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಅರೆಯಲು ತೊಡಗಿತಲ್ಲ, ನಡುವಿನ ಆ ಕಾಲವನ್ನು ಯಾವ ರೈತನೂ ಮರೆತಿಲ್ಲ. ಕಾರ್ಖಾನೆ ಇರಬೇಕು, ಕಬ್ಬು ಅರೆಯಬೇಕು, ಬೂದಿ ಬೀಳಬಾರದು. ಇಂಥ ಹೋರಾಟಕ್ಕೆ ಘೋಷಣೆ ಹುಟ್ಟುವುದಿಲ್ಲ, ಹಾಡೂ ಹುಟ್ಟುವುದಿಲ್ಲ.

ಮೈಸೂರಿನಿಂದ ಬಂದಿದ್ದ ಪರಿಸರ ಹೋರಾಟಗಾರರೊಬ್ಬರು ಪ್ಯಾರಿಸ್ ಒಪ್ಪಂದದಿಂದ ಹಿಡಿದು ಹಿಮಾಲಯದ ಹಿಮದವರೆಗೆ ಮಾತನಾಡಿದರು. ಊರಿನ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಆದರೂ ನಡಾವಳಿಯನ್ನು ಸಭೆಯಲ್ಲೇ ಕನ್ನಡದಲ್ಲಿ ಓದಬೇಕೆಂಬ ನಿಯಮವಿದೆ ಎಂದು ಹಿಂದಿನ ದಿನ ಚಿಕ್ಕಮ್ಮನಿಗೆ ಹೇಳಿಕೊಟ್ಟವರು ಇವರೇ. ಆ ಒಂದು ವಾಕ್ಯಕ್ಕಾಗಿ ಉಳಿದ ಭಾಷಣವನ್ನೆಲ್ಲ ಕ್ಷಮಿಸಿದ್ದೇನೆ.

ನಿಯಮ ನಿಜವಾಗಿಯೂ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ನಡೆದದ್ದೆಲ್ಲವನ್ನೂ ವಿಡಿಯೊ ಮಾಡಬೇಕು, ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ತಿಳಿಸಬೇಕು. 1997ಕ್ಕೆ ಮುಂಚೆ ಇಂಥ ಸಭೆ ಕಡ್ಡಾಯವೇ ಆಗಿರಲಿಲ್ಲ. 2020ರ ಕರಡು ಅಧಿಸೂಚನೆ ಆ 30 ದಿನವನ್ನು 20ಕ್ಕೆ ಇಳಿಸಲು ಹೊರಟಿತ್ತು. ಕರಡು ಪ್ರಾದೇಶಿಕ ಭಾಷೆಗಳಲ್ಲಿ ಇರಲಿಲ್ಲವೆಂಬ ವಿಷಯ ನಮ್ಮ ಹೈಕೋರ್ಟಿನವರೆಗೂ ಹೋಗಿತ್ತು.

ಓದಿದರು. ಚಿಕ್ಕಮ್ಮನ ಮಾತಿನ ಭಾಗ ಹೀಗಿತ್ತು: "ಗ್ರಾಮಸ್ಥರು ಧೂಳಿನ ಸಮಸ್ಯೆಯ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಯೋಜನಾ ಪ್ರವರ್ತಕರು ಸೂಕ್ತ ಕ್ರಮದ ಭರವಸೆ ನೀಡಿದರು."

"ರಾತ್ರಿ ಎಲ್ಲಿ ಹೋಯಿತು ಸ್ವಾಮಿ?"

ಬರೆದುಕೊಂಡವರು, "ಎಲ್ಲವೂ ಅದರಲ್ಲೇ ಬಂತಮ್ಮ, ವಿಡಿಯೊ ಕೂಡ ಇದೆ" ಎಂದರು.

"ವಿಡಿಯೊವನ್ನು ಯಾರು ನೋಡುತ್ತಾರೆ? ಕಾಗದವನ್ನು ಓದುತ್ತಾರೆ. ಹಗಲು ಬಿಳಿ, ರಾತ್ರಿ ಎರಡರ ಮೇಲೆ ಕಪ್ಪು. ಅಷ್ಟು ಬರೆಯಿರಿ."

ಅಧಿಕಾರಿ ಮತ್ತೆ ಕುಳಿತರು. ಅವರ ಮುಖದಲ್ಲಿ ಸಿಡುಕು ಕಾಣಲಿಲ್ಲ, ಇದನ್ನು ಹೇಳಲೇಬೇಕು. "ಬರೆಯಿರಿ" ಎಂದರು. ಬರೆದರು. ಇನ್ನೊಮ್ಮೆ ಓದಿಸಿಕೊಂಡ ಮೇಲೆಯೇ ಚಿಕ್ಕಮ್ಮ ಮೈಕ್ ಬಿಟ್ಟರು.

ಆಗಿನಿಂದ ಆ ಪ್ರಶ್ನೆ ನನ್ನ ಕಿವಿ ಬಿಟ್ಟಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಯೋಜನಾ ವರದಿಯ ಕನ್ನಡ ಸಾರಾಂಶವನ್ನು ತಿರುವಿ ಹಾಕಿದೆ. ಗಾಳಿಯ ಗುಣಮಟ್ಟದ ಕೋಷ್ಟಕದಲ್ಲಿ ಎಲ್ಲವೂ ಮಿತಿಯೊಳಗೇ ಇದೆ. ಪಿಎಂ10 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅದೂ 24 ಗಂಟೆಯ ಸರಾಸರಿ. ರಾತ್ರಿ ಎರಡರಿಂದ ನಾಲ್ಕರವರೆಗೆ ಚಿಮಣಿ ಏನೇ ಕಾರಲಿ, ಮಿಕ್ಕ 22 ಗಂಟೆಗಳ ಜೊತೆ ಬೆರೆಸಿ ಭಾಗಿಸಿದರೆ ಅದು ಕಾಗದದ ಮೇಲೆ ತೆಳ್ಳಗಾಗುತ್ತದೆ. ಯಾರೂ ಸುಳ್ಳು ಬರೆಯಬೇಕಾಗಿಲ್ಲ, ಲೆಕ್ಕ ತಾನಾಗಿಯೇ ಹಾಗೆ ಬರುತ್ತದೆ. ಇನ್ನೊಂದು ಕಡೆ, ಹೆಚ್ಚು ಮಾಲಿನ್ಯದ ಉದ್ಯಮಗಳಲ್ಲಿ, ಅದರಲ್ಲಿ ಸಕ್ಕರೆಯೂ ಸೇರಿದೆ, ಸದಾ ಅಳೆಯುತ್ತಿರುವ ಆನ್‌ಲೈನ್ ಯಂತ್ರಗಳನ್ನು ಕೂರಿಸಬೇಕೆಂದು 2014ರಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸೂಚಿಸಿದೆ. ಅಂದರೆ ರಾತ್ರಿಯ ಲೆಕ್ಕ ಎಲ್ಲೋ ದಾಖಲಾಗುತ್ತಿರಬೇಕು. ಯಾವ ಗಂಟೆಯನ್ನು ತೆಗೆದು ನೋಡಬೇಕು ಎಂದು ಹೇಳುವವರು ಬೇಕಿತ್ತು. "ಧೂಳಿನ ಕಳವಳ" ಎಂದು ಬರೆದರೆ ಅನುಮತಿ ಕೊಡುವ ಮೇಲಿನವರು ರಸ್ತೆಗೆ ನೀರು ಚಿಮುಕಿಸಿ ಎಂದು ಷರತ್ತು ಹಾಕುತ್ತಾರೆ. "ರಾತ್ರಿ ಎರಡರ ಮೇಲೆ ಕಪ್ಪು" ಎಂದಿದ್ದರೆ ಯಂತ್ರದ ದಾಖಲೆಯನ್ನು ತರಿಸಲೇಬೇಕಾಗುತ್ತದೆ, ಕನಿಷ್ಠ ತರಿಸಲಿಲ್ಲವೇಕೆ ಎಂದು ಕೇಳುವುದಕ್ಕೆ ದಾರಿಯಾಗುತ್ತದೆ.

ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು, ಅದೂ ನಿಯಮವೇ. ನಿನ್ನೆ ಫೋನ್ ಮಾಡಿದರೆ ಇನ್ನೂ ಹಾಕಿಲ್ಲವಂತೆ. ಚಿಕ್ಕಮ್ಮ ಮೊಮ್ಮಗನನ್ನು ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಕಾಗದಗಳನ್ನೆಲ್ಲ ಓದಿಸಿ ಬಂದಿದ್ದಾರೆ. ಕಬ್ಬಿಗೆ ಕಟಾವಿನ ಆದೇಶವೂ ಬಂದಿಲ್ಲ. ಸಭೆಯಲ್ಲಿ ಮಾತನಾಡಿದ್ದರಿಂದಲೇ ಹೀಗಾಯಿತು ಎಂದು ಮಗ, ಪಕ್ಕದ ಗದ್ದೆಯವನು ಬಾಯಿ ಮುಚ್ಚಿಕೊಂಡಿದ್ದನಲ್ಲ, ಅವನಿಗೆ ಬಂದಿದೆಯೇ ಎಂದು ತಾಯಿ. ಅವರ ಮನೆಯಲ್ಲಿ ಈ ವಾರ ಇದೇ ಜಗಳ.