ಡಬ್ಬಿ ಬಿಸಾಡಬೇಡಿ ಮಾರಾಯ್ರೆ

ಆನ್‌ಲೈನಲ್ಲಿ ತರಿಸಿದ ದುಬಾರಿ ಲ್ಯಾಪ್‌ಟಾಪ್ ನಮ್ಮ ಕಾಸರಗೋಡಿನ ಬದಿಯಡ್ಕಕ್ಕೋ ಪೆರ್ಲಕ್ಕೋ ಮುಟ್ಟುವಷ್ಟರಲ್ಲಿ ಎಷ್ಟೋ ಗಾಡಿ ಹತ್ತಿ ಇಳಿದಿರುತ್ತದೆ. ಮೂಲೆ ಜಜ್ಜಿದ್ದರೆ ಮೊದಲು ಪರದೆ ಮಡಚುವ ಹಿಂಜ್ ನೋಡಿ: ಮುಚ್ಚಿದಾಗ ಎರಡೂ ಬದಿಯ ಸಂದು ಒಂದೇ ಸಮ ಉಂಟಾ ಅಂತ. ಹೊರಗೆ ಗೀರಿಲ್ಲದಿದ್ದರೂ ಒಳಗಿನ ಪರದೆಯ ಪ್ಯಾನೆಲ್ ಒಡೆದಿರಬಹುದು. ಆನ್ ಮಾಡಿದಾಗಲೇ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ ಕಾಣುವುದು.

ಟೇಪ್ ಕತ್ತರಿಸುವ ಮೊದಲೇ ವಿಡಿಯೋ ಶುರುವಾಗಲಿ, ನಡುವೆ ನಿಲ್ಲಿಸಬೇಡಿ. ಡಬ್ಬಿಯ ಆರೂ ಮುಖ, ವಿಳಾಸದ ಚೀಟಿ, ಆಮೇಲೆ ಡಬ್ಬಿಯ ಮೇಲಿನ ಮತ್ತು ಯಂತ್ರದ ಅಡಿಯ ಸೀರಿಯಲ್ ನಂಬರ್. ಹೊಸ ವಸ್ತುವನ್ನು ಇಷ್ಟು ಸಂಶಯದಿಂದ ನೋಡಬೇಕಾ? ಮಡಕೆ ಕೊಳ್ಳುವಾಗಲೂ ತಟ್ಟಿ ಸದ್ದು ಕೇಳಿಯೇ ತಗೊಳ್ಳುತ್ತಿದ್ದರಲ್ಲ.

ಪೆಟ್ಟು ಬಿದ್ದದ್ದು ಕಂಡರೆ ಮಾರಿದವರಿಗೆ ಫೋನಲ್ಲಿ ಹೇಳಿ ಸುಮ್ಮನಾಗಬೇಡಿ. ‘ರಿಪೇರಿ ಬೇಡ, ಬದಲಿ ಬೇಕು’ ಅಂತ ಬರೆದೇ ಕಳಿಸಿ, ದೂರಿನ ನಂಬರ್ ಇಟ್ಟುಕೊಳ್ಳಿ. 2020ರ ಇ-ಕಾಮರ್ಸ್ ನಿಯಮದಂತೆ ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ಬೆಂಗಳೂರಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಬದಲಿ ಬರುವ ತನಕ ಡಬ್ಬಿ, ಫೋಮ್, ಚಾರ್ಜರಿನ ಪ್ಲಾಸ್ಟಿಕ್ ತೊಟ್ಟೆ ಸಹಿತ ಅಟ್ಟದಲ್ಲಿರಲಿ. ಮಳೆಗಾಲವಾದರೆ ಸೋರದ ಮೂಲೆ ನೋಡಿ.