ಕಡುಗೆಂಪು, ಏಳನೇ ವಾರ: 131 ಫ್ರೇಮು ಎಲ್ಲಿ ಹೋದವು?

ಸಿಕ್ಕಿತು. ಸಬ್‌ಟೈಟಲಿನ ಟೈಮಿಂಗ್ ಕೆಡಿಸಿ ಏಳು ವಾರ ತಲೆ ತಿಂದ ಕಳ್ಳ ನಿನ್ನೆ ರಾತ್ರಿ ಒಂದೂವರೆಗೆ ಸಿಕ್ಕಿಬಿದ್ದ. ಕತ್ತಲಲ್ಲಿ ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ. ಒಳಗಿಂದ ಹೆಂಡತಿ, “ಸಾಕು ಬಂದು ಮಲಗ್ರೀ, ಪಕ್ಕದ ಮನೆಯವರು ಏನಂದ್ಕೋತಾರೆ” ಅಂದಳು.

ಹೊಸಬರಿಗೆ ಎರಡೇ ಮಾತು. ಇಟಲಿಯ ನಿರ್ದೇಶಕ ದಾರಿಯೋ ಅರ್ಜೆಂತೊ 1975ರಲ್ಲಿ ತೆಗೆದ ಕೊಲೆ ರಹಸ್ಯದ ಸಿನಿಮಾ ‘ಪ್ರೊಫೊಂದೊ ರೊಸ್ಸೊ’ಗೆ ಕನ್ನಡ ಸಬ್‌ಟೈಟಲ್ ಮಾಡುತ್ತಿದ್ದೇನೆ. ನಮ್ಮ ಮನೆಯ ಭಾನುವಾರದ ಗುಂಪಿಗೆ, ಆರೇಳು ಜನಕ್ಕೆ. ನಾನಿಟ್ಟ ಹೆಸರು ‘ಕಡುಗೆಂಪು’. ಅನುವಾದ ಎಂದೋ ಮುಗಿಯಿತು. ಅದರ ಕಥೆ ಬೇಡ. ಕಾಡಿದ್ದು ಟೈಮಿಂಗ್, ಅಂದರೆ ಮಾತು ಬರುವ ಕ್ಷಣಕ್ಕೇ ಸಾಲು ಪರದೆಗೆ ಬರುವ ಹಾಗೆ ಮಾಡುವುದು.

ನಾನು ಅನುವಾದ ಮಾಡಿದ್ದು ಹಳೆಯ ಇಟಾಲಿಯನ್ ಡಿವಿಡಿ ಇಟ್ಟುಕೊಂಡು. ಟೈಮ್ ಗುರುತು ಹಾಕಿದ್ದೂ ಅದರ ಮೇಲೆಯೇ. ಆಮೇಲೆ ಬ್ಲೂ-ರೇ ಕೊಳ್ಳುವ ಆಸೆ ಬಂತು. ಮೊದಲ ವ್ಯಾಪಾರಿ “ಪೂರ್ತಿ ಸಿನಿಮಾ, ಕತ್ತರಿ ಇಲ್ಲ” ಅಂತ ಬರೆದು ಕಳಿಸಿದ್ದು 105 ನಿಮಿಷದ್ದು. ಹೊರದೇಶಗಳಿಗೆಂದು ಕತ್ತರಿಸಿದ ಇಂಗ್ಲಿಷ್ ಪ್ರತಿ. ಇಟಲಿಯದು 126 ನಿಮಿಷ ಚಿಲ್ಲರೆ. ಕತ್ತರಿಗೆ ಹೋದದ್ದರಲ್ಲಿ ನಾಯಕ ಮಾರ್ಕ್ ಮತ್ತು ಪತ್ರಕರ್ತೆ ಜಾನ್ನಾ ನಡುವಿನ ಕೀಟಲೆ, ಕಿತ್ತಾಟವೇ ಜಾಸ್ತಿ. ಅಂದರೆ ಸಿನಿಮಾದ ಉಪ್ಪು ಖಾರ. ಫೋನ್ ಮಾಡಿ ಕೇಳಿದರೆ, “ಕೊಲೆಗಳೆಲ್ಲ ಇದಾವಲ್ವಾ ಸರ್?” ಅಂದ. ಏನು ಹೇಳೋದು?

ಎರಡನೇ ವ್ಯಾಪಾರಿ ಸರಿಯಾದ ಡಿಸ್ಕ್ ಕಳಿಸಿದ. ಪೆಟ್ಟಿಗೆ ಒಡೆದಿತ್ತು, ಕಸ್ಟಮ್ಸ್ ಸುಂಕ ಡಿಸ್ಕಿನ ಬೆಲೆಯ ಹತ್ತಿರ ಹತ್ತಿರ ಬಂದಿತ್ತು. ಬಂದ ಮೇಲೆ ನಮ್ಮ ಪ್ಲೇಯರು ಅದನ್ನು ಮುಟ್ಟಲಿಲ್ಲ. ಡಿಸ್ಕ್ ಯೂರೋಪಿನ ಬಿ ರೀಜನ್, ಭಾರತ ಸಿ ರೀಜನ್. ಒಂದು ರೀಜನ್ನಿನ, ಅಂದರೆ ಮಾರಾಟ ವಲಯದ, ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಇದು ಗೊತ್ತಿದ್ದೂ ಪ್ರತಿ ಸಲ ಮರೆಯುವವನು ನಾನೊಬ್ಬನೇನಾ? ಕಡೆಗೆ ಕಂಪ್ಯೂಟರಿನ ಡ್ರೈವಿಗೆ ಹಾಕಿದೆ.

ಮೊದಲ ಪ್ರದರ್ಶನ ಪೂರ್ತಿ ನಗೆಪಾಟಲು. ಡಿವಿಡಿಯ ಫೈಲನ್ನು ಹಾಗೇ ಬ್ಲೂ-ರೇಗೆ ಅಂಟಿಸಿಬಿಟ್ಟಿದ್ದೆ. ಯೂರೋಪಿನ ಡಿವಿಡಿ ಸೆಕೆಂಡಿಗೆ 25 ಫ್ರೇಮಿನಲ್ಲಿ (ಫ್ರೇಮು ಅಂದರೆ ಒಂದೊಂದು ಬಿಡಿ ಚಿತ್ರ) ಓಡುತ್ತದೆ, ಸಿನಿಮಾ 24ರದು. 20ನೇ ನಿಮಿಷದ ಹೊತ್ತಿಗೆ ಸಬ್‌ಟೈಟಲು 48 ಸೆಕೆಂಡು ಮುಂದೆ ಓಡಿತ್ತು. ಸರಿಯಾಗಿ ಆ ಸುಮಾರಿಗೇ ಬರುತ್ತದೆ ಸಿನಿಮಾದ ಅತಿ ದೊಡ್ಡ ಮೋಸ. ಮೊದಲ ಕೊಲೆ ಆದ ಮೇಲೆ ಮಾರ್ಕ್ ಆ ಮನೆಯ ಪಡಸಾಲೆಯಲ್ಲಿ ಚಿತ್ರಗಳ ಸಾಲಿನ ಪಕ್ಕ ಓಡುತ್ತಾನೆ. ಕೊಲೆಗಾರನ ಮುಖ ಅಲ್ಲೇ ಕನ್ನಡಿಯಲ್ಲಿ ಇದೆ. ಬಚ್ಚಿಟ್ಟಿಲ್ಲ, ರಾಜಾರೋಷವಾಗಿ ತೋರಿಸಿದ್ದಾರೆ. ನೋಡಿದವರಿಗೆ ಅದು ಗೋಡೆಯ ಇನ್ನೊಂದು ಚಿತ್ರ ಅನ್ನಿಸುತ್ತದೆ, ಅಷ್ಟೇ. ನನ್ನ ಗುಂಪಿಗೆ ಅಷ್ಟೂ ಆಗಲಿಲ್ಲ. ಎಲ್ಲರೂ ಕೆಳಗಡೆ ಇನ್ನೂ ಬಾರದ ಪೊಲೀಸರ ಮಾತು ಓದುತ್ತಿದ್ದರು.

ಸರಿ, ಹಿಗ್ಗಿಸೋಣ. 25ರಿಂದ 23.976ಕ್ಕೆ (ಡಿಸ್ಕುಗಳಲ್ಲಿ 24 ಅಂದರೆ ಸಾಮಾನ್ಯವಾಗಿ ಇದೇ), ಅಂದರೆ 1.0427ರಿಂದ ಗುಣಿಸು. ಎಲ್ಲರೂ ಮಾಡುವುದು ಇದನ್ನೇ. ಸಬ್‌ಟೈಟಲ್ ಎಡಿಟ್ ಅನ್ನುವ ತಂತ್ರಾಂಶದಲ್ಲಿ ಒಂದು ಕ್ಲಿಕ್ಕು. ಶುರುವಿನಲ್ಲಿ ಸರಿ. ಕೊನೆಯಲ್ಲಿ ಎರಡು ಸೆಕೆಂಡು ತಡ. ಎರಡೇ ಸೆಕೆಂಡು ತಾನೇ ಅಂತ ಇಡೀ ಫೈಲನ್ನು ಹಿಂದಕ್ಕೆ ಎಳೆದೆ. ಶುರು ಕೆಟ್ಟಿತು. ಬಿಟ್ಟೆ. ನಡುವೆ ನೋಡಿದರೆ ಎರಡೂವರೆ ಸೆಕೆಂಡು ತಡ, ಮರುಕ್ಷಣವೇ ಹೆಚ್ಚುಕಡಿಮೆ ಸರಿ, ಆಮೇಲೆ ಮತ್ತೆ ನಿಧಾನವಾಗಿ ತಡ. ಮಲೆನಾಡಿನ ಬಸ್ಸಿನ ಹಾಗೆ. ಎಲ್ಲೋ ನಿಲ್ಲುತ್ತದೆ, ಎಲ್ಲೋ ಹಾರಿಸಿಕೊಂಡು ಹೋಗುತ್ತದೆ, ಕೊನೆಗೆ ಊರು ಸೇರುವಾಗ ಬರೀ ಎರಡು ನಿಮಿಷ ಲೇಟು.

ಮೂರು ವಾರ ಆದ ಮೇಲೆ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ತೆಗೆದು ನೋಡಿದೆ. ಮೊದಲೇ ನೋಡಬೇಕಿತ್ತು, ಬಯ್ಯಬೇಡಿ. ಡಿಸ್ಕ್ 23.976 ಅಲ್ಲ, ಸರಿಯಾಗಿ 24.000. ಬ್ಲೂ-ರೇಯಲ್ಲಿ ಎರಡಕ್ಕೂ ಅವಕಾಶವಿದೆ. ವ್ಯತ್ಯಾಸ ಸಾವಿರಕ್ಕೆ ಒಂದು. ಆದರೆ 126 ನಿಮಿಷಕ್ಕೆ ಅದು ಏಳೂವರೆ ಸೆಕೆಂಡು. ಆಹಾ, ಸಿಕ್ಕಿತು ಅಂತ ಕುಣಿದು 25/24ರಿಂದ ಗುಣಿಸಿದೆ.

ಕೊನೆಯಲ್ಲಿ ಐದೂವರೆ ಸೆಕೆಂಡು ವ್ಯತ್ಯಾಸ. ಈ ಸಲ ಮುಂಚೆ.

ತಪ್ಪು ಲೆಕ್ಕದಲ್ಲಿ ಎರಡು ಸೆಕೆಂಡು, ಸರಿ ಲೆಕ್ಕದಲ್ಲಿ ಐದೂವರೆ! ಆ ರಾತ್ರಿ ಕಂಪ್ಯೂಟರ್ ಮುಚ್ಚಿಟ್ಟು ಮುಂದಿನ ಪ್ರಾಜೆಕ್ಟಿನ ಬಗ್ಗೆ ಯೋಚಿಸಿದೆ. ನಿಮಗೂ ಹೇಳಿಬಿಡುತ್ತೇನೆ. ಸೆರ್ಜಿಯೋ ಕೊರ್ಬುಚ್ಚಿಯ ‘ಇಲ್ ಗ್ರಾಂದೆ ಸಿಲೆಂತ್ಸಿಯೋ’, 1968. ಹಿಮದಲ್ಲಿ ನಡೆಯುವ ವೆಸ್ಟರ್ನ್, ಅಂದರೆ ಕೌಬಾಯ್ ಸಿನಿಮಾ. ಮರಳಿಲ್ಲ, ಬೆವರಿಲ್ಲ, ಕುದುರೆಯ ಹೊಟ್ಟೆಮಟ್ಟ ಹಿಮ. ನಾಯಕ ಜಾನ್ ಲೂಯಿ ತ್ರಾಂತಿನ್ಯಾನ್, ಖಳ ಕ್ಲೌಸ್ ಕಿನ್ಸ್ಕಿ, ಸಂಗೀತ ಮೊರಿಕೋನೆ. ಅದನ್ನೇ ಆರಿಸಿದ್ದಕ್ಕೆ ನಿಜವಾದ ಕಾರಣ ಬೇರೆ: ನಾಯಕ ಮೂಗ. ಅವನಿಗೆ ಒಂದು ಸಾಲೂ ಬರೆಯಬೇಕಿಲ್ಲ. ಇಂಥ ನಾಯಕ ಎಲ್ಲಿ ಸಿಗುತ್ತಾನೆ ಹೇಳಿ. ಆ ಸಿನಿಮಾಕ್ಕೆ ಸುಖಾಂತ್ಯವನ್ನೂ ಬೇರೆಯಾಗಿ ಚಿತ್ರೀಕರಿಸಿ ಇಟ್ಟಿದ್ದರು. ನೋಡಬಹುದು, ನಗಬಹುದು. ಆದರೆ ಮೊದಲು ಅಸಲಿ ಕೊನೆಯನ್ನೇ ನೋಡಿ. ಅದನ್ನು ನೋಡಿ ಎರಡು ದಿನ ನನಗೆ ಯಾರ ಜೊತೆಯೂ ಮಾತು ಬೇಕಿರಲಿಲ್ಲ.

ಇರಲಿ, ವಾಪಸ್ ಬರೋಣ.

ಹೊಳೆದದ್ದು ಸ್ನಾನ ಮಾಡುವಾಗ. ಸೆಕೆಂಡು ಯಾಕೆ ಲೆಕ್ಕ ಹಾಕುತ್ತಿದ್ದೇನೆ? 25ರಲ್ಲಿ ಓಡಲಿ, 24ರಲ್ಲಿ ಓಡಲಿ, ಫ್ರೇಮುಗಳು ಅವೇ ತಾನೇ? ಡಿವಿಡಿಯ ಸಾವಿರನೇ ಫ್ರೇಮು ಬ್ಲೂ-ರೇಯಲ್ಲೂ ಸಾವಿರನೆಯದೇ ಆಗಿರಬೇಕು. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ತಂತ್ರಾಂಶಕ್ಕೆ ಹೇಳಿ ಎರಡರಲ್ಲೂ ಶಾಟ್ ಬದಲಾಗುವ ಫ್ರೇಮ್ ನಂಬರುಗಳನ್ನು ತೆಗೆಸಿದೆ. ಕೊಲೆಯ ದೃಶ್ಯಗಳಲ್ಲಿ ಅರ್ಜೆಂತೊ ಚಕಚಕ ಕತ್ತರಿಸುತ್ತಾನೆ, ಹಾಗಾಗಿ ಗುರುತಿಗೆ ಬರ ಇಲ್ಲ. ಗಾಜು ಒಡೆಯುವ ಜಾಗವಂತೂ ಮೊಳೆ ಹೊಡೆದ ಹಾಗೆ ಸಿಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ಗ್ರಾಫ್ ಹಾಕಿದೆ. ಮಟ್ಟಸ ಗೆರೆ ಬರಬೇಕಿತ್ತು. ಬಂದದ್ದು ಮೆಟ್ಟಿಲು. ಸುಮಾರು 18 ನಿಮಿಷ ಸಮತಟ್ಟು, ಒಂದು ಹೆಜ್ಜೆ. ಮತ್ತೆ ಸಮತಟ್ಟು, ಇನ್ನೊಂದು ಹೆಜ್ಜೆ. ಒಟ್ಟು ಆರು ಹೆಜ್ಜೆ.

ಇದರ ಫೋಟೋವನ್ನು ಸೋದರಮಾವನಿಗೆ ಕಳಿಸಿದೆ. ಮಾವ ಹಾಸನದ ಕಡೆ ಒಂದು ಟಾಕೀಸಿನಲ್ಲಿ ಇಪ್ಪತ್ತು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ ಪರದೆಗೆ ಬೆಳಕು ಬಿಡುತ್ತಿದ್ದ ಕಾಲದವರು. ಐದು ನಿಮಿಷಕ್ಕೆ ಫೋನ್ ಬಂತು.

“ಏನೋ ಇದು, ಮೆಟ್ಲು?”

“ಗೊತ್ತಾಗ್ತಿಲ್ಲ ಮಾವ. ಹದಿನೆಂಟು ನಿಮಿಷಕ್ಕೊಂದು ಸಲ ಒಂದಷ್ಟು ಫ್ರೇಮು ಕಾಣೆ ಆಗ್ತವೆ.”

“ಅಯ್ಯೋ ದಡ್ಡ, ಅದು ರೀಲು ಕಣೋ! ರೀಲಿನ ತುದಿ. ದಿನಾ ನಾಲ್ಕು ಶೋ ಹಾಕಿದ್ರೆ ಮೊದ್ಲು ಸವೆಯೋದೇ ತುದಿ. ಹರಿದ್ರೆ ಕತ್ತರಿಸಿ ಅಂಟಿಸ್ತಿದ್ವಿ. ನಿನ್ನ ಡಿವಿಡಿ ಮಾಡಿದವರು ಓಡಿಸಿ ಹಳಸಿದ ಪ್ರಿಂಟ್ ತಗೊಂಡಿದ್ದಾರೆ. ಬಲಗಡೆ ಮೇಲ್ಗಡೆ ಚುಕ್ಕೆ ಇದೆಯಾ ನೋಡು.”

ನೋಡಿದೆ. ಇತ್ತು! ಹತ್ತು ವರ್ಷದಿಂದ ಇದೇ ಡಿವಿಡಿ ನೋಡುತ್ತಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಪ್ರತಿ ಹೆಜ್ಜೆಗೆ ಏಳೆಂಟು ಸೆಕೆಂಡು ಮುಂಚೆ ಬಲ ಮೂಲೆಯಲ್ಲಿ ನಾಲ್ಕು ಫ್ರೇಮಿನಷ್ಟು ಹೊತ್ತು ಒಂದು ಚುಕ್ಕೆ ಮಿಂಚಿ ಮಾಯ. ಅದು ರೀಲು ಮುಗಿಯುತ್ತಿದೆ ಅಂತ ಆಪರೇಟರಿಗೆ ಗುರುತು: ಮೊದಲ ಚುಕ್ಕೆಗೆ ಮುಂದಿನ ರೀಲು ಹಾಕಿಟ್ಟ ಎರಡನೇ ಪ್ರೊಜೆಕ್ಟರ್ ಶುರು ಮಾಡಬೇಕು, ಕೊನೆಯ ಸೆಕೆಂಡಿನಲ್ಲಿ ಬರುವ ಎರಡನೆಯದಕ್ಕೆ ಅದಕ್ಕೆ ಬದಲಾಯಿಸಬೇಕು. ಸ್ಕೋಪ್ (ಅಗಲ ಪರದೆಯ) ಸಿನಿಮಾ ಆದ್ದರಿಂದ ಚುಕ್ಕೆ ದುಂಡಗಿಲ್ಲ, ಅಡ್ಡಕ್ಕೆ ಹಿಗ್ಗಿದ ಮೊಟ್ಟೆ. ಪ್ರಿಂಟಿನಲ್ಲಿ ಹಿಂಡಿದ್ದನ್ನು ಲೆನ್ಸು ಅಗಲ ಮಾಡುವಾಗ ಚುಕ್ಕೆಯನ್ನೂ ಅಗಲ ಮಾಡುತ್ತದೆ.

ಇನ್ನೂ ಮಜಾ ಕೇಳಿ. ನಾಲ್ಕನೇ ಹೆಜ್ಜೆಯಲ್ಲಿ ಎರಡನೇ ಚುಕ್ಕೆಯೇ ಇಲ್ಲ. ಅಲ್ಲಿ ಹೋಗಿರುವುದು 52 ಫ್ರೇಮು, ಎರಡು ಸೆಕೆಂಡಿಗೂ ಜಾಸ್ತಿ. ಚುಕ್ಕೆ ಸಮೇತ ಕತ್ತರಿಗೆ ಹೋಗಿದೆ. ಮಿಕ್ಕ ಕಡೆ 9ರಿಂದ 22. ನಡುವಿನದ್ದೇ ಯಾಕೆ ಇಷ್ಟು ಕೆಟ್ಟಿದೆ ಅಂದರೆ ಮಾವ ಯೋಚನೆ ಮಾಡದೆ, “ಇಂಟರ್‌ವಲ್” ಅಂದರು. ಇಟಲಿಯಲ್ಲೂ ನಮ್ಮ ಹಾಗೆ ಸಿನಿಮಾವನ್ನು ಎರಡು ಭಾಗ ಮಾಡಿ ನಡುವೆ ಬಿಡುವು ಕೊಡುವ ಪದ್ಧತಿ ಇದೆ. ಮೊದಲ ಭಾಗ ಮುಗಿಯಿತು ಅಂತ ಕಾರ್ಡು ಕೂಡ ಬರುತ್ತಿತ್ತು. ಆ ಜಾಗದಲ್ಲಿ ಎಷ್ಟು ಜನ ಆಪರೇಟರುಗಳು ಕೈಯಾಡಿಸಿದ್ದರೋ. ಇದು ಮಾವನ ಊಹೆ, ಆದರೆ ನನಗೆ ಒಪ್ಪಿಗೆ.

ಒಟ್ಟು 131 ಫ್ರೇಮು. 24ರಿಂದ ಭಾಗಿಸಿ: ಐದೂವರೆ ಸೆಕೆಂಡು, ಕೂದಲೆಳೆ ಕಡಿಮೆ. ಈಗ ಗೊತ್ತಾಯಿತಾ? ನನ್ನ ತಪ್ಪು ಗುಣಾಕಾರ ಸಬ್‌ಟೈಟಲನ್ನು ಏಳೂವರೆ ಸೆಕೆಂಡು ತಡ ಮಾಡುತ್ತಿತ್ತು. ಕಳೆದುಹೋದ ಫ್ರೇಮುಗಳು ಐದೂವರೆ ಸೆಕೆಂಡು ಮುಂದಕ್ಕೆ ಎಳೆಯುತ್ತಿದ್ದವು. ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡು ಬರೀ ಎರಡು ಸೆಕೆಂಡಿನ ಕೇಸು ಮಾಡಿ ನನ್ನನ್ನು ಓಡಾಡಿಸಿದರು.

ಗೊತ್ತಾದ ಮೇಲೆ ಕೆಲಸ ಅರ್ಧ ಗಂಟೆ. ಫೈಲನ್ನು ಏಳು ತುಂಡು ಮಾಡಿದೆ, ಎಲ್ಲವನ್ನೂ 25/24ರಿಂದ ಹಿಗ್ಗಿಸಿದೆ, ಪ್ರತಿ ತುಂಡಿಗೂ ಅದರದ್ದೇ ಅಳತೆಯಲ್ಲಿ ತಳ್ಳು ಕೊಟ್ಟೆ, ವಾಪಸ್ ಜೋಡಿಸಿದೆ. ಮಾವ ಕತ್ತರಿ ಅಂಟು ಹಿಡಿದು ಮಾಡುತ್ತಿದ್ದುದನ್ನೇ ನಾನು ಮೌಸ್ ಹಿಡಿದು ಮಾಡಿದೆ.

ಈ ತಂತ್ರಾಂಶಗಳ ಮೇಲೆ ಒಂದು ಗೊಣಗಾಟ ಬಾಕಿ ಇದೆ. ಸಾಲು ಉದ್ದ ಆಯಿತು ಅಂತ ಕೆಂಪು ಬಣ್ಣ ಹಚ್ಚುತ್ತಲೇ ಇರುತ್ತವೆ. ಅವು ಎಣಿಸುವುದು ಯೂನಿಕೋಡ್ ತುಣುಕುಗಳನ್ನು, ಅಕ್ಷರಗಳನ್ನಲ್ಲ. ನಮಗೆ ‘ಸ್ತ್ರೀ’ ಒಂದಕ್ಷರ, ಅದಕ್ಕೆ ಆರು. ‘ಸ್ವಾತಂತ್ರ್ಯ’ ನಮಗೆ ಮೂರು, ಅದಕ್ಕೆ ಹನ್ನೊಂದು. ಕೆಂಪನ್ನು ನಂಬಬೇಡಿ, ಬಾಯಿಬಿಟ್ಟು ಓದಿ ನೋಡಿ. ಟಿವಿಯ ಸ್ವಂತ ಪ್ಲೇಯರಿನಲ್ಲಂತೂ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ನಾನು ಕಂಪ್ಯೂಟರಿನಿಂದಲೇ ತೋರಿಸುತ್ತೇನೆ.

ನೋಡುವವರಿಗೆ ಒಂದಷ್ಟು ಟಿಪ್ಪಣಿ. ಬ್ಲೂ-ರೇಯ ಇಂಗ್ಲಿಷ್ ಟ್ರ್ಯಾಕ್ ಹಾಕಿದರೆ ಮಾರ್ಕ್ ಇದ್ದಕ್ಕಿದ್ದಂತೆ ಇಟಾಲಿಯನ್ ಮಾತಾಡುತ್ತಾನೆ. ಡಿಸ್ಕ್ ಕೆಟ್ಟಿಲ್ಲ. ಆ ಭಾಗಗಳಿಗೆ ಇಂಗ್ಲಿಷ್ ಡಬ್ಬಿಂಗ್ ಇಲ್ಲ. ರಾತ್ರಿಯ ಚೌಕದ ದೃಶ್ಯ ಚಿತ್ರಿಸಿದ್ದು ಇಟಲಿಯ ತುರಿನ್ ನಗರದ ಪಿಯಾತ್ಸಾ ಸಿ.ಎಲ್.ಎನ್. ಅನ್ನುವ ಚೌಕದಲ್ಲಿ. ಆ ನೀಲಿ ಬಾರ್ ನಿಜವಾದದ್ದಲ್ಲ, ಅಮೆರಿಕದ ಕಲಾವಿದ ಎಡ್ವರ್ಡ್ ಹಾಪರ್ 1942ರಲ್ಲಿ ಬರೆದ ‘ನೈಟ್‌ಹಾಕ್ಸ್’ ಚಿತ್ರದ ಮಾದರಿಯಲ್ಲಿ ಹಾಕಿದ ಸೆಟ್ಟು. ಒಳಗೆ ಕೂತವರು ಅಲ್ಲಾಡುವುದೇ ಇಲ್ಲ, ಗಮನಿಸಿ. ಕೊಲೆ ಮಾಡುವ ಕಪ್ಪು ಗ್ಲೌಸಿನ ಕೈಗಳು ಸ್ವತಃ ಅರ್ಜೆಂತೊನವು. ಸಿನಿಮಾದ ಹಳೆಯ ಬಂಗಲೆ ತುರಿನ್ನಿನದೇ ವಿಲ್ಲಾ ಸ್ಕಾಟ್, 1902ರ ಕಟ್ಟಡ. ಮಾರ್ಕನ ಗೆಳೆಯ ಕಾರ್ಲೋನ ತಾಯಿಯಾಗಿ ಮಾಡಿದ ಕ್ಲಾರಾ ಕಲಾಮಾಯಿ, ನಿರ್ದೇಶಕ ವಿಸ್ಕೊಂತಿಯ ‘ಒಸ್ಸೆಸ್ಸಿಯೋನೆ’ಯ (1943) ನಾಯಕಿ. ಆಕೆಯ ಮನೆಯ ಗೋಡೆಯ ಫೋಟೋಗಳು ನಿಜವಾಗಿಯೂ ಆಕೆಯ ಹಳೆಯ ಸಿನಿಮಾಗಳವು. ಡಿವಿಡಿಯಲ್ಲಿ ಅವು ಬರೀ ಮಸಿ. ಇನ್ನು ಗಾಬ್ಲಿನ್ ತಂಡದ ಸಂಗೀತ. ಡಿವಿಡಿ ವೇಗವಾಗಿ ಓಡುವುದರಿಂದ ಅದರ ಶ್ರುತಿ ಸುಮಾರು ಮುಕ್ಕಾಲು ಸೆಮಿಟೋನಿನಷ್ಟು (ಸೆಮಿಟೋನ್ ಅಂದರೆ ಅರ್ಧ ಸ್ವರ) ಏರಿರುತ್ತದೆ. ಅಸಲಿಯನ್ನು ಕೇಳಿದಾಗ ನನಗೆ ಯಾರೋ ಮಂಕಾಗಿ ನುಡಿಸಿದ ಹಾಗನ್ನಿಸಿತು. ಈಗ ಅದೇ ಇಷ್ಟ.

ಇವತ್ತು ಮಾವ ಬಂದಿದ್ದರು, ಅವರಿಗೇ ಮೊದಲ ಶೋ. ಲೈಟು ಆರಿಸಿ ಕೂತೆವು. ನಾನು ಸಿನಿಮಾ ನೋಡಲೇ ಇಲ್ಲ, ಬಾಯಿ ಮತ್ತು ಅಕ್ಷರ ಕೂಡುತ್ತವಾ ಅಂತ ಕಾಯುತ್ತಿದ್ದೆ. ಕೂಡಿದವು. ಮಾರ್ಕ್ ಜಾನ್ನಾ ಪಂಜ ಕುಸ್ತಿ ಮಾಡುವಲ್ಲಿ ‘ನೀವು’ ಹೋಗಿ ‘ನೀನು’ ಆಗುವ ಹಾಗೆ ಬರೆದಿದ್ದೆ. ಸರಿಯಾದ ಕ್ಷಣಕ್ಕೆ ಬಂತು. ಮಾವ ಮುಸಿಮುಸಿ ನಕ್ಕರು. ಕನ್ನಡಿಯ ಶಾಟಿನಲ್ಲಿ ಪರದೆ ಖಾಲಿ, ಒಂದಕ್ಷರ ಇಲ್ಲ. ಅವರೂ ಮುಖ ನೋಡಲಿಲ್ಲ. ರೀಲು ಬದಲಾಗುವ ಕಡೆಯಲ್ಲೆಲ್ಲ ಮಾತ್ರ ತಾವಾಗಿಯೇ ಬಲ ಮೂಲೆ ನೋಡುತ್ತಿದ್ದರು. ಬ್ಲೂ-ರೇಯಲ್ಲಿ ಚುಕ್ಕೆಗಳನ್ನು ತೆಗೆದು ಶುಚಿ ಮಾಡಿದ್ದಾರೆ, ಅವರಿಗೆ ಅದು ಹಿಡಿಸಲಿಲ್ಲ.

ಮುಗಿದ ಮೇಲೆ ಕೇಳಿದೆ, “ಹೇಗಿತ್ತು ಮಾವ, ಸಬ್‌ಟೈಟಲು?”

“ಚೆನ್ನಾಗಿದೆ. ಆದ್ರೆ ಸಿನಿಮಾ ಪೂರ್ತಿ ಕೊಲೆ ಮಾಡಿದವರು, ಬಂದಿದ್ದರು, ಹೋದರು ಅಂತ ಬರ್ದಿದೀಯಲ್ಲ. ಕೊಲೆ ಮಾಡೋರಿಗೆ ಅಷ್ಟು ಮರ್ಯಾದೆ ಯಾಕೋ?”

‘ಬಂದನು’ ಅಂದರೂ ‘ಬಂದಳು’ ಅಂದರೂ ಗುಟ್ಟು ಕೆಡುತ್ತೆ ಮಾವ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಕನ್ನಡಿ ಇದ್ದ ಆ ಪಡಸಾಲೆ ಇನ್ನೊಂದು ಸಲ ಹಾಕು ಅಂದರು.